ಉಳಿಸಿಕೊಂಡ ಒಂದು ಗುಂಡು

ಆ ಗುಂಡಿನ ಸರವನ್ನು ಅಜ್ಜಂಪುರದ ಅಜ್ಜಿ ಬಿಳಿ ಬಟ್ಟೆಯ ಗಂಟಿನಿಂದ ಬಿಚ್ಚಿ ಅಪ್ಪನ ಮುಂದೆ ಇಟ್ಟಾಗ ನಾನು ಒಳಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದೆ. ಎಪ್ಪತ್ತರ ದಶಕದ ಕೊನೆಯ ಒಂದು ಕಾರ್ತಿಕದ ಬೆಳಗು. ತರೀಕೆರೆಯ ನಮ್ಮ ಬೀದಿಗೆ ಆಗಷ್ಟೇ ಇಳಿದ ಎಳೆಬಿಸಿಲು ಹೊಸ್ತಿಲು ದಾಟಿ ಬಂದು ಸರದ ಮೇಲೆ ಬಿತ್ತು. ಮೂವತ್ತೆರಡು ಗುಂಡುಗಳಿಗೂ ಒಟ್ಟಿಗೇ ಎಚ್ಚರವಾಯಿತು. ನನಗೆ ಹಳದಿ ಕಂಡರೆ ಮೈಮರೆಯುವ ಚಾಳಿ. ಹಿಂದೆ ಒಲೆಯ ಮೇಲೆ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ.

ಬಂದವರು ಮೂವರು: ಅಜ್ಜಿ, ಅಜ್ಜಂಪುರದಲ್ಲಿ ಈರುಳ್ಳಿ, ಕಾಳು ವ್ಯಾಪಾರ ಮಾಡುವ ಅವರ ಮಗ, ಮದುವೆ ಗೊತ್ತಾಗಿದ್ದ ಮೊಮ್ಮಗಳು. ಹುಡುಗಿಯನ್ನು ಕಡೂರಿನ ತೆಂಗಿನ ತೋಟದವರ ಮನೆಗೆ ಕೊಡುವುದಾಗಿತ್ತು. ಸರ ಅಜ್ಜಿಯ ತವರಿನಿಂದ ಬಂದದ್ದು. ಅದನ್ನು ಕರಗಿಸಿ ಮೊಮ್ಮಗಳಿಗೆ ನಾಲ್ಕು ಬಳೆ ಮಾಡಿಸಬೇಕೆಂದು ಮಗ ತೀರ್ಮಾನ ಮಾಡಿಕೊಂಡೇ ಬಂದಿದ್ದರು.

"ಆಚಾರ್ರೆ, ಕಡೂರಿನೋರು ಒರೆ ಹಚ್ಚಿ ನೋಡೋ ಜನ ಕಣ್ರೀ. ಇಪ್ಪತ್ತೆರಡಕ್ಕೆ ಒಂದು ಕೂದಲೆಳೆ ಕಮ್ಮಿ ಆಗಬಾರ್ದು" ಅಂದರು ಮಗ.

"ಮೊದ್ಲು ಇದರ ಒರೆ ನೋಡ್ತೀನಿ ಯಜಮಾನ್ರೆ. ಆಮೇಲೆ ಮಾತು" ಎಂದ ಅಪ್ಪ, "ಮಗಾ, ಕಲ್ಲು ತೊಳ್ಕೊಂಡ್ ಬಾ" ಎಂದು ನನ್ನನ್ನು ಕೂಗಿದ.

ಕಲ್ಲು ತೊಳೆಯುವುದು ಎಂಬುದು ನಮ್ಮಿಬ್ಬರ ನಡುವಿನ ಗುಟ್ಟಿನ ಮಾತು. ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಕೈಗೆ ಎಲ್ಲ ನೆನಪಿತ್ತು. ಬಡಿಯುವುದು, ತಂತಿ ಎಳೆಯುವುದು, ಬೆಸೆಯುವುದು ಯಾವುದೂ ತಪ್ಪುತ್ತಿರಲಿಲ್ಲ. ಆದರೆ ಒರೆಗಲ್ಲಿನ ಮೇಲಿನ ಗೆರೆಯ ಬಣ್ಣ ಮಾತ್ರ ಕಾಣುತ್ತಿರಲಿಲ್ಲ. ಕಣ್ಣು ಕಾಣದ ಆಚಾರಿಯ ಹತ್ತಿರ ಚಿನ್ನ ತರುವವರು ಯಾರು? ಹೆಣ್ಣುಮಗಳು ಒರೆ ನೋಡುತ್ತಾಳೆಂದರೆ ನಂಬುವವರಾದರೂ ಯಾರು? ಅದಕ್ಕೇ ಅಪ್ಪ ಒಡವೆಯನ್ನೂ ಕಲ್ಲನ್ನೂ ತಟ್ಟೆಯಲ್ಲಿಟ್ಟು ನನಗೆ ಕೊಡುತ್ತಿದ್ದ. ನಾನು ಹಿಂದಿನ ಕಿಟಕಿಯ ಬೆಳಕಿನಲ್ಲಿ ಗೆರೆ ಎಳೆದು ನೋಡಿ, ಇಷ್ಟು ಕ್ಯಾರೆಟ್ ಎಂದು ಗೊತ್ತಿರುವ ಚಿನ್ನದ ಯಾವ ಮಾದರಿ ಕಡ್ಡಿಗೆ ಹೊಂದಿತೋ ಆ ಕಡ್ಡಿಯನ್ನು ಅವನ ಕೈಗೆ ಸಿಗುವಂತೆ ತಟ್ಟೆಯ ಅಂಚಿಗೆ ಇಡುತ್ತಿದ್ದೆ. ಪ್ರತಿ ಕಡ್ಡಿಯ ಬುಡದಲ್ಲೂ ಅಪ್ಪ ಅರದಿಂದ ಗೀರು ಹಾಕಿಟ್ಟಿದ್ದ. ಹೆಬ್ಬೆರಳಿನಿಂದ ಗೀರು ಸವರಿ, ಕಲ್ಲನ್ನು ಕಣ್ಣಿನ ಹತ್ತಿರ ಹಿಡಿದು, ಗಂಭೀರವಾಗಿ ಸಂಖ್ಯೆ ಹೇಳುತ್ತಿದ್ದ. ನಾಟಕ ನೋಡಿ ನನಗೆ ನಗು ಬರುತ್ತಿತ್ತು. ಒಂದೊಂದು ಸಲ ಹೊಟ್ಟೆಯೂ ಉರಿಯುತ್ತಿತ್ತು.

ಒರೆ ನೋಡುವುದು ಕಷ್ಟದ ವಿದ್ಯೆಯೇನಲ್ಲ, ತಾಳ್ಮೆಯ ವಿದ್ಯೆ. ಅಪ್ಪಟ ಚಿನ್ನವನ್ನು ಇಪ್ಪತ್ನಾಲ್ಕು ಪಾಲು ಎಂದಿಟ್ಟುಕೊಳ್ಳಿ. ಇಪ್ಪತ್ತೆರಡು ಕ್ಯಾರೆಟ್ ಎಂದರೆ ಅದರಲ್ಲಿ ಎರಡು ಪಾಲು ತಾಮ್ರವೋ ಬೆಳ್ಳಿಯೋ ಸೇರಿದೆ ಎಂದು ಅರ್ಥ. ಅಪ್ಪಟ ಚಿನ್ನ ಬಲು ಮೆತ್ತಗೆ. ಅದರಲ್ಲಿ ಬಳೆ ಮಾಡಿದರೆ ರೊಟ್ಟಿ ತಟ್ಟುವಷ್ಟರಲ್ಲಿ ಸೊಟ್ಟಗಾಗುತ್ತದೆ, ಹಾಗಾಗಿ ಬೆರಕೆ ಬೇಕೇ ಬೇಕು. ಹದಿನೆಂಟಾದರೆ ಆರು ಪಾಲು ಬೆರಕೆ, ಹದಿನಾಲ್ಕಾದರೆ ಹತ್ತು ಪಾಲು. ಕರಿಯ ಕಲ್ಲಿನ ಮೇಲೆ ಒಡವೆಯಿಂದ ಒಂದು ಗೆರೆ, ಪಕ್ಕದಲ್ಲೇ ಕಡ್ಡಿಯಿಂದ ಒಂದು ಗೆರೆ ಎಳೆದು, ಎರಡರ ಮೇಲೂ ಆಸಿಡ್ ಸವರಿದರೆ ಕೀಳು ಚಿನ್ನದ ಗೆರೆ ಕಂದಿ ಮಾಸುತ್ತದೆ, ಮೇಲಿನದು ಹಾಗೇ ನಿಲ್ಲುತ್ತದೆ. ನನ್ನ ಕಣ್ಣಿಗೆ ಇಪ್ಪತ್ತೆರಡರ ಗೆರೆ ಈಗತಾನೆ ಅರಳಿದ ಹುಚ್ಚೆಳ್ಳಿನ ಹೂವು. ಹದಿನೆಂಟರದ್ದು ಅದೇ ಹೂವು, ಮಾರನೆಯ ದಿನ.

ಒರೆಗೆ ಮೊದಲು ಒಂದು ಕೆಲಸ ತಪ್ಪದೆ ಮಾಡಬೇಕು. ಒಡವೆಯ ಮರೆಯ ಜಾಗದಲ್ಲಿ ಅರದಿಂದ ಒಂದು ಸಣ್ಣ ಗಾಯ ಮಾಡಿ, ಆ ಗಾಯದಿಂದ ಗೆರೆ ಎಳೆಯಬೇಕು. ಮೇಲೊಂದು ಒಳಗೊಂದು ಇರುವ ಒಡವೆಗಳೂ ಉಂಟು. ನಾನು ತಟ್ಟೆ ಎತ್ತಿಕೊಳ್ಳುವಾಗ ಅಜ್ಜಿ ತಟ್ಟನೆ, "ಅರ ಗಿರ ಹಾಕ್ಬೇಡಿ ಆಚಾರ್ರೆ. ಕರಗೋ ಮುಂಚೆ ಅದಕ್ಕೆ ಗಾಯ ಮಾಡಬಾರ್ದು. ನಮ್ಮನೆ ಪದ್ಧತಿ" ಅಂದರು. ತಟ್ಟೆಯ ಅಂಚು ಹಿಡಿದುಕೊಂಡರು. ತವರಿನ ಒಡವೆ, ಪಾಪ, ಅಂದುಕೊಂಡೆ. ಒಳಗೆ ಹೋದ ಮೇಲೆ ಯಾರಿಗೂ ಕಾಣದಂತೆ ಒಂದು ಗೀರು ಹಾಕಬಹುದಿತ್ತು. ಹಾಕಲಿಲ್ಲ. ಕಿಟಕಿಯ ಬೆಳಕಿನಲ್ಲಿ ಸರ ಹಿಡಿದಾಗ ಕೈಗೆ ಬೆಚ್ಚಗಿತ್ತು. ಎಷ್ಟು ಹೆಂಗಸರ ಕುತ್ತಿಗೆ ಕಂಡಿರಬಹುದು ಎಂದು ಯೋಚಿಸುತ್ತಾ ಸುಮ್ಮನೆ ಕೂತೆ. ಆಮೇಲೆ ಮೂರು ಗುಂಡನ್ನು ಮೆಲ್ಲಗೆ ಉಜ್ಜಿದೆ. ಮೂರೂ ಹುಚ್ಚೆಳ್ಳಿನ ಹೂವು. ಇಪ್ಪತ್ತೆರಡರ ಕಡ್ಡಿಯನ್ನು ತಟ್ಟೆಯ ಅಂಚಿಗೆ ಇಟ್ಟೆ.

"ಇಪ್ಪತ್ತೆರಡು" ಎಂದು ಅಪ್ಪ ಘೋಷಿಸಿದ. ಯಜಮಾನರ ಮುಖ ಅರಳಿತು.

ಚಿನ್ನ ಕರಗಿಸುವಾಗ ಒಡೆಯರು ಎದುರಿಗೇ ಕೂರುವುದು ನಮ್ಮ ಕಡೆಯ ವಾಡಿಕೆ. ಮಗ, ಮೊಮ್ಮಗಳು ಹೊರಗೆ ಜಗಲಿಯಲ್ಲೇ ಉಳಿದರು, ಅಜ್ಜಿ ಕುಲುಮೆಯ ಎದುರು ಗೋಡೆಗೊರಗಿ ಕೂತರು. ದಾರ ಕತ್ತರಿಸುವ ಮುಂಚೆ ಗುಂಡುಗಳನ್ನು ಒಂದೊಂದಾಗಿ ಬೆರಳಲ್ಲಿ ತಿರುಗಿಸಿ ನೋಡಿ, ಒಂದನ್ನು ಬೇರೆ ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡರು. ಹಳೆಯ ಒಡವೆಯನ್ನು ಪೂರ್ತಿ ಕರಗಿಸಬಾರದು, ಬೇರು ಅಂತ ಒಂದು ಗುಂಡಾದರೂ ಉಳಿಯಬೇಕು ಎಂಬುದು ಸುತ್ತಲಿನ ಎಷ್ಟೋ ಮನೆಗಳಲ್ಲಿ ಇದ್ದ ನಂಬಿಕೆ. ಉಳಿದ ಮೂವತ್ತೊಂದನ್ನು ಅಪ್ಪ ಕಾಯಿಸಿ, ಟೊಳ್ಳು ಗುಂಡುಗಳೊಳಗೆ ತುಂಬಿದ್ದ ಅರಗನ್ನು ಇಳಿಸಿದ. ಅರಗಿನ ಘಾಟು ಮನೆಯೆಲ್ಲ ತುಂಬಿತು. ಆಮೇಲೆ ಮೂಸೆಗೆ ಹಾಕಿ, ಬಿಳಿಗಾರ ಉದುರಿಸಿ, ಊದುಗೊಳವೆ ಬಾಯಿಗಿಟ್ಟ. ಬೆಂಕಿಯ ಹದವನ್ನು ಅವನು ಕೆನ್ನೆಗೆ ತಾಗುವ ಕಾವಿನಲ್ಲಿ ತಿಳಿಯುತ್ತಿದ್ದ. ಅಜ್ಜಿ ಒಮ್ಮೆ ಮಾತ್ರ ಎದ್ದು ನೀರು ಕೇಳಿ ಒಳಗೆ ಬಂದರು. ನಾನು ಕೊಟ್ಟ ಲೋಟದಲ್ಲಿ ಅರ್ಧ ಸೀರೆಯ ಮೇಲೇ ಚೆಲ್ಲಿತು.

ಅಚ್ಚಿಗೆ ಹೊಯ್ದ ಗಟ್ಟಿ ಆರಿದ ಮೇಲೆ ಮತ್ತೆ ತಟ್ಟೆ ಒಳಗೆ ಬಂತು. ಕೈಗೆತ್ತಿಕೊಂಡ ಕೂಡಲೇ ಕಿಟಕಿಗೆ ಹಿಡಿದೆ. ಹಳದಿಯೊಳಗೆ ಕೆಂಪು ಸುಳಿದಿತ್ತು. ಗೆರೆ ಎಳೆದೆ. ಕಲ್ಲು ತೊಳೆದು ಮತ್ತೆ ಎಳೆದೆ. ಹೇಗೆ ನೋಡಿದರೂ ಹತ್ತೊಂಬತ್ತು, ಅದೂ ಮುಟ್ಟಿಯೂ ಮುಟ್ಟದಂತೆ. ಹೊರಗೆ ಯಜಮಾನರು ಅಪ್ಪನ ಹತ್ತಿರ ಬಳೆಯ ನಮೂನೆ ಮಾತಾಡುತ್ತಿದ್ದರು. ಹತ್ತೊಂಬತ್ತಕ್ಕೆ ಕಡ್ಡಿಯಿಲ್ಲದ್ದರಿಂದ ಹದಿನೆಂಟು ಮತ್ತು ಇಪ್ಪತ್ತರ ಎರಡು ಕಡ್ಡಿಗಳನ್ನು ಒಟ್ಟಿಗೆ ಅಂಚಿಗಿಟ್ಟು ತಟ್ಟೆ ಕೊಟ್ಟೆ. ಅಪ್ಪನ ಹೆಬ್ಬೆರಳು ಗೀರುಗಳ ಮೇಲೆ ಹೋಗಿ, ವಾಪಸು ಬಂದು, ಮತ್ತೆ ಹೋಯಿತು. ಆಮೇಲೆ ಅವನು ತಲೆಯೆತ್ತಿ, "ಹತ್ತೊಂಬತ್ತು ಬಂದಿದೆ ಯಜಮಾನ್ರೆ" ಅಂದ.

"ಏನಂದ್ರಿ?"

"ಹತ್ತೊಂಬತ್ತು."

"ಬೆಳಿಗ್ಗೆ ಇಪ್ಪತ್ತೆರಡು, ಈಗ ಹತ್ತೊಂಬತ್ತಾ? ನಮ್ಮವ್ವ ನೀರು ಕುಡಿಯಾಕೆ ಒಳಗೋದಾಗ ಏನು ಹಾಕಿದ್ರಿ ಮೂಸೆಗೆ?"

ಅಪ್ಪನನ್ನು ನಲವತ್ತು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಮೊಮ್ಮಗಳು "ಅಪ್ಪಾಜಿ, ಮೆಲ್ಲಗೆ" ಅಂದಳು. ಅಜ್ಜಿ ನೆಲ ನೋಡುತ್ತಿದ್ದರು. ಗಟ್ಟಿ ಚಿನ್ನವನ್ನು ಮನೆಯಲ್ಲಿಟ್ಟುಕೊಳ್ಳಲು ಜನರಿಗೆ ಆಗ ಕಾನೂನಿನ ಅಡ್ಡಿಯಿತ್ತು. ಇಲ್ಲದಿದ್ದರೆ ಯಜಮಾನರು ಅದನ್ನು ಎತ್ತಿಕೊಂಡೇ ಹೋಗುತ್ತಿದ್ದರೇನೋ. ಗಟ್ಟಿಯನ್ನು ಚಿಂದಿಯಲ್ಲಿ ಸುತ್ತಿಸಿ, ದಾರ ಬಿಗಿದು, ಗಂಟಿನ ಮೇಲೆ ಅರಗಿನ ಮುದ್ರೆ ಒತ್ತಿಸಿ, ನಮ್ಮ ಡಬ್ಬಿಯಲ್ಲೇ ಇಡಿಸಿದರು.

"ಸೋಮವಾರದ ತನಕ ಟೈಮು ಕೊಡ್ತೀನಿ ಆಚಾರ್ರೆ. ಕಮ್ಮಿ ಬಿದ್ದ ಚಿನ್ನ ಹಾಕ್ಕೊಡ್ಬೇಕು. ಇಲ್ಲಾಂದ್ರೆ ಅರ್ಜಿ ಕೊಟ್ಟು ನಿಮ್ಮ ಸರ್ಟಿಫಿಕೇಟ್ ಕ್ಯಾನ್ಸಲ್ ಮಾಡಿಸ್ತೀನಿ, ನೋಡ್ತಾ ಇರಿ."

ಸರ್ಟಿಫಿಕೇಟ್ ಇಲ್ಲದೆ ಆಗ ಯಾವ ಆಚಾರಿಯೂ ಕುಲುಮೆಯ ಮುಂದೆ ಕೂರುವಂತಿರಲಿಲ್ಲ. ಅದು ಹೋದರೆ ನಮ್ಮ ಅನ್ನ ಹೋಯಿತು. ಅದಕ್ಕಿಂತ ಹೆಚ್ಚಾಗಿ, ತರೀಕೆರೆಯ ಆಚಾರಿ ತಾಮ್ರ ಬೆರೆಸಿದ ಎಂಬ ಮಾತು ಅಪ್ಪನನ್ನು ಒಳಗಿನಿಂದಲೇ ಮುಗಿಸಿಬಿಡುತ್ತಿತ್ತು. ಅವರು ಹೋದ ಮೇಲೆ ಅಪ್ಪ ಕೇಳಿದ್ದು ಒಂದೇ ಮಾತು.

"ಅರ ಹಾಕಿದ್ಯಾ ಮಗಾ?"

"ಇಲ್ಲ ಕಣಪ್ಪಾ."

ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕಾಯಿಸಿದಾಗ ಕೀಳು ಚಿನ್ನ ಬೇಗ ಕಪ್ಪಾಗುತ್ತದೆ. ನಾನು ಕುಲುಮೆಯ ಹತ್ತಿರ ಕೂತಿದ್ದರೆ ಯಾವ ಗುಂಡು ಕಪ್ಪಾಯಿತೆಂದು ಆಗಲೇ ಕಾಣುತ್ತಿತ್ತು. ಕೂರುವಂತಿರಲಿಲ್ಲವಲ್ಲ, ನಾನು ಕಲ್ಲು ತೊಳೆಯುವವಳು. ಸರದ ಕೆಲವು ಗುಂಡುಗಳಾದರೂ ಒಳಗೆ ಕೀಳು, ಮೇಲೆ ಮಾತ್ರ ಒಳ್ಳೆಯ ಚಿನ್ನದ ತೆಳು ಲೇಪ, ಮುಲಾಮು, ಎಂಬುದು ಈಗ ಸ್ಪಷ್ಟವಾಗಿತ್ತು. ಆದರೆ ಸರವೇ ಕರಗಿಹೋಗಿದೆ, ತೋರಿಸುವುದು ಏನನ್ನು? ಎರಡು ದಿನ ನೀರು ಸೇದುವಾಗ, ಅಕ್ಕಿ ಆರಿಸುವಾಗ ಅದೇ ಯೋಚನೆ. ಕೊಡದ ನೀರಲ್ಲಿ ಬಿಸಿಲು ಬಿದ್ದರೂ ಅದು ಎಷ್ಟು ಕ್ಯಾರೆಟ್ಟೆಂದು ನೋಡುತ್ತಾ ನಿಲ್ಲುತ್ತಿದ್ದೆ. ಮೂರನೆಯ ಬೆಳಿಗ್ಗೆ ಹೊಳೆಯಿತು. ಒಂದು ಗುಂಡು ಅಜ್ಜಿಯ ಸೆರಗಿನಲ್ಲಿದೆ.

"ನಾನು ಅಜ್ಜಂಪುರಕ್ಕೆ ಹೋಗ್ಬತ್ತೀನಿ ಕಣಪ್ಪಾ" ಅಂದೆ.

"ಹೋಗಿ ಏನಂತೀಯ?"

"ಒರೆ ನೋಡಿದ್ದು ನಾನು ಅಂತೀನಿ."

ಅಪ್ಪ ತಡವರಿಸಿಕೊಂಡು ಎದ್ದು ಕಲ್ಲು, ಕಡ್ಡಿಗಳು, ಅರ, ಸಣ್ಣ ಗರಗಸ, ಆಸಿಡ್ ಸೀಸೆಯನ್ನು ತಾನೇ ಚೀಲಕ್ಕೆ ಹಾಕಿಕೊಟ್ಟ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಊರು ದಾಟಿದ ಮೇಲೆ ಹುಚ್ಚೆಳ್ಳಿನ ಹೊಲಗಳು ಶುರುವಾದವು. ಕಣ್ಣು ಹೋದಷ್ಟು ದೂರ ಹಳದಿ, ಅದರ ಮೇಲೆ ತೆಳ್ಳಗೆ ಮಂಜು. ಬಸ್ಸು ನಿಂತಂತೆಯೂ ಹೊಲಗಳೇ ನನ್ನನ್ನು ದಾಟಿ ಹರಿದು ಹೋಗುತ್ತಿರುವಂತೆಯೂ ಅನಿಸಿತು. ಆ ಹಳದಿಯೊಳಗೆ ಬರಿಗಾಲಲ್ಲಿ ನಡೆಯುತ್ತಿದ್ದೇನೆ, ಕೈಯಲ್ಲಿ ಕಲ್ಲಿದೆ, ಉಜ್ಜಿದ ಹೂವೆಲ್ಲ ಗೆರೆಯಾಗುತ್ತಿದೆ ಎಂದು ಅರೆನಿದ್ದೆಯಲ್ಲಿ ಕಂಡಿತು. ಯಾರೋ ಕೋಳಿಬುಟ್ಟಿ ಕಾಲಿಗೆ ತಾಗಿಸಿದಾಗ ಎಚ್ಚರವಾಯಿತು. ಎಚ್ಚರದ ಜೊತೆಗೇ ಭಯ ಬಂತು. ಅಜ್ಜಿ ಅಷ್ಟೊಂದು ತಿರುಗಿಸಿ ನೋಡಿ ತೆಗೆದ ಗುಂಡು ಅದು. ಅದೇನಾದರೂ ಒಳ್ಳೆಯ ಗುಂಡಾಗಿದ್ದರೆ? ಆಗ ನಮ್ಮಪ್ಪ ಕಳ್ಳ ಎಂದು ನಾನೇ ಕಲ್ಲು ಹೊತ್ತು ಹೋಗಿ ಸಾಬೀತು ಮಾಡಿದ ಹಾಗೆ. ಇಳಿದು ವಾಪಸು ಹೋಗೋಣ ಅನಿಸಿತು. ಇಳಿದೆ, ಆದರೆ ಅಜ್ಜಂಪುರದಲ್ಲೇ.

ಯಜಮಾನರ ಮನೆಯ ಪಡಸಾಲೆಯಲ್ಲಿ ಈರುಳ್ಳಿ ಹರವಿತ್ತು. ನನ್ನನ್ನು ಕಂಡು ಅವರ ಹುಬ್ಬು ಗಂಟಾಯಿತು. ನಿಂತೇ ಹೇಳಿದೆ.

"ಒರೆ ನೋಡೋದು ನಮ್ಮಪ್ಪ ಅಲ್ಲ ಯಜಮಾನ್ರೆ, ನಾನು. ಅಪ್ಪಂಗೆ ಕಣ್ಣು ಮಂಜು. ಅವತ್ತು ಅರ ಹಾಕ್ದೆ ಮೇಲ್ಮೇಲೆ ನೋಡಿದ್ದು ನನ್ನ ತಪ್ಪು. ಆದ್ರೆ ಮೂಸೆಗೆ ಯಾರೂ ಏನೂ ಹಾಕಿಲ್ಲ."

ಅವರು ಬೈಗುಳಕ್ಕೆ ಬಾಯಿ ತೆರೆದವರು ಹಾಗೇ ನಿಂತರು. "ನೀನಾ? ನೀನು ಒರೆ ನೋಡೋದಾ?" ಎಂದು ನಕ್ಕರು. ಮೊಮ್ಮಗಳು ಮಾತ್ರ ನಗದೆ ಒಂದು ಚಾಪೆ ತಂದು ಹಾಸಿದಳು. ನಾನು ಕೂತು ಅಜ್ಜಿಯ ಕಡೆ ತಿರುಗಿದೆ.

"ಅಜ್ಜಿ, ಆ ಒಂದು ಗುಂಡು ಕೊಡಿ. ಕುಯ್ದು ಒಳಗಿಂದ ನೋಡ್ತೀನಿ. ಎಲ್ಲರ ಎದುರಿಗೇ ನೋಡ್ತೀನಿ."

"ಬೇರು ಕುಯ್ಯಬಾರ್ದು ಕಣವ್ವ" ಎಂದು ಅಜ್ಜಿ ಸೆರಗು ಮುದುರಿ ಹಿಡಿದರು.

"ಕೊಡವ್ವ. ನೋಡೇಬಿಡ್ಲಿ" ಎಂದರು ಮಗ. "ಇವಳ ಬಾಯಲ್ಲೇ ಬರ್ಲಿ."

ಅಜ್ಜಿ ಗಂಟು ಬಿಚ್ಚಲು ಬಹಳ ಹೊತ್ತು ತೆಗೆದುಕೊಂಡರು. ಗುಂಡನ್ನು ಗರಗಸದಿಂದ ಎರಡು ಹೋಳು ಮಾಡಿದೆ. ಒಳಗಿನ ಅರಗು ಕೆರೆದು ತೆಗೆದೆ. ಅಂಗಳದ ಬೆಳಕಿಗೆ ಸರಿದು, ಮೊದಲು ಹೊರಮೈಯಿಂದ, ಆಮೇಲೆ ಕುಯ್ದ ಅಂಚಿನಿಂದ ಗೆರೆ ಎಳೆದೆ. ಪಕ್ಕದಲ್ಲಿ ಇಪ್ಪತ್ತೆರಡರ ಗೆರೆ, ಹದಿನೆಂಟರ ಗೆರೆ. ಆಸಿಡ್ ಸವರಿ ಕಾದೆ. ಹದಿನೆಂಟರದ್ದು ಮಾಸಲಾಯಿತು. ಇಪ್ಪತ್ತೆರಡರದ್ದು ನಿಂತಿತು. ಹೊರಮೈಯ ಗೆರೆಯೂ ನಿಂತಿತು. ಕುಯ್ದ ಅಂಚಿನ ಗೆರೆ, ಮಾಸು ಮಾಸು ಎಂದು ನಾನು ಒಳಗೇ ಬೇಡಿಕೊಳ್ಳುತ್ತಿದ್ದ ಗೆರೆ, ಅದೂ ನಿಂತಿತು. ಅಷ್ಟು ಚೆಂದದ ಹಳದಿಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅಷ್ಟು ದ್ವೇಷದಿಂದ ನೋಡಿರಲೂ ಇಲ್ಲ.

ಆ ಅಂಗಳದಲ್ಲಿ ಗೆರೆ ಓದಲು ಬರುತ್ತಿದ್ದವಳು ನಾನೊಬ್ಬಳೇ. ಹದಿನೆಂಟು ಎಂದುಬಿಟ್ಟಿದ್ದರೆ ಯಾರೂ ಅಲ್ಲ ಎನ್ನುತ್ತಿರಲಿಲ್ಲ. ಅಪ್ಪನ ಹೆಸರು ಉಳಿಯುತ್ತಿತ್ತು, ಸರ್ಟಿಫಿಕೇಟೂ ಉಳಿಯುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕಲ್ಲಿನ ಮೇಲೆ ಗೆರೆ ಕಣ್ಣ ಮುಂದೆಯೇ ಇದೆ, ಬೇರೇನೋ ಹೇಳಲು ನನ್ನಿಂದ ಆಗಲಿಲ್ಲ.

"ಇಪ್ಪತ್ತೆರಡು" ಅಂದೆ. "ಒಳಗೂ ಇಪ್ಪತ್ತೆರಡೇ."

"ಅಂದ್ಮೇಲೆ?" ಎಂದರು ಯಜಮಾನರು, ಗೆದ್ದ ದನಿಯಲ್ಲಿ.

"ಅಂದ್ಮೇಲೆ ಏನೋ ನಂಗೊತ್ತಿಲ್ಲ ಯಜಮಾನ್ರೆ. ನಮ್ಮಪ್ಪ ಕದ್ದಿಲ್ಲ, ಅದು ಗೊತ್ತು. ಈ ಗುಂಡು ಮಾತ್ರ ಇಪ್ಪತ್ತೆರಡೇ."

ತಲೆ ತಗ್ಗಿಸಿ ಕಲ್ಲು ಒರೆಸತೊಡಗಿದೆ. ಯಜಮಾನರು ಸೋಮವಾರದ ಮಾತು ಮತ್ತೆ ಎತ್ತಿದರು. ಆಗ ಅಜ್ಜಿ, "ಸುಮ್ಕಿರೋ" ಎಂದರು. ಅವರ ದನಿ ಅಷ್ಟು ಗಟ್ಟಿಯಾಗಿದ್ದುದನ್ನು ನಾನು ಕೇಳಿರಲಿಲ್ಲ.

"ಅದು ಒಳ್ಳೇ ಗುಂಡು ಅಂತ ನಂಗೊತ್ತಿತ್ತು ಕಣವ್ವ. ಯಾವುದು ಒಳ್ಳೇದು, ಯಾವುದು ಸುಳ್ಳು ಅಂತ ಬೆರಳಿಗೇ ಗೊತ್ತು ನಂಗೆ. ಒಳ್ಳೇದೇ ಉಳೀಲಿ ಅಂತ ಆರಿಸ್ಕೊಂಡೆ."

"ಏನವ್ವಾ ಹಂಗಂದ್ರೆ?" ಎಂದರು ಮಗ.

"ಹನ್ನೊಂದು ಗುಂಡು ಸುಳ್ಳು ಕಣೋ. ನಿನ್ನ ಚಿಕ್ಕವ್ವನ ಮಗಳ ಮದುವೇಲಿ ಅವಳ ಮೈಮೇಲೆ ಗುಲಗಂಜಿಯಷ್ಟು ಚಿನ್ನ ಇರ್ಲಿಲ್ಲ. ನಿಮ್ಮಪ್ಪನ್ನ ಕೇಳ್ದೆ, ಆಗಲ್ಲ ಅಂದ್ರು. ದಾರ ಬಿಚ್ಚಿ ಹನ್ನೊಂದು ಗುಂಡು ಕೊಟ್ಟೆ. ಬೆಣ್ಣೆ ಮಾರಿದ ದುಡ್ಡಲ್ಲಿ ಬೀರೂರಲ್ಲಿ ಬೇರೆ ಹನ್ನೊಂದು ಮಾಡಿಸ್ದೆ. ಹದಿನಾಲ್ಕರ ಚಿನ್ನ ಬಿಟ್ರೆ ಬೇರೆ ಮಾಡಂಗಿಲ್ಲ ಅಂತ ಸರ್ಕಾರದೋರು ಕಟ್ಟು ಮಾಡಿದ್ರಲ್ಲ, ಆ ಕಾಲ. ಮೇಲೆ ಮುಲಾಮು ಹಾಕ್ಸಿ ಪೋಣಿಸ್ಕೊಂಡೆ. ನಿಮ್ಮಪ್ಪ ಸಾಯೋ ತನಕ ಆ ಸರ ಹಾಕ್ಕೊಂಡಾಗೆಲ್ಲ ಕುತ್ತಿಗೆ ಉರೀತಿತ್ತು." ಅಜ್ಜಿ ನನ್ನ ಕಡೆ ತಿರುಗಿದರು. "ಆವತ್ತು ನಿಮ್ಮ ಮನೇಲಿ ಒಂದೊಂದೇ ಗುಂಡು ಕಪ್ಪಾಗೋದು ನೋಡ್ತಾ ಕೂತಿದ್ದೆ. ಇನ್ನೊಬ್ಬರ ಮೇಲೆ ಬರ್ಲಿ ಅಂತ ಸುಮ್ಕಾಗ್ಬಿಟ್ಟೆ. ನೀನು ನಿಮ್ಮಪ್ಪನ ಕುತ್ತಿಗೆಗೆ ಬರೋ ನಿಜ ಹೇಳ್ದೆ. ನಾನು ಮುದುಕಿ, ನಂಗೆ ಬಾಯಿ ಬರ್ಲಿಲ್ಲ. ನಮ್ಮವ್ವ ಕೊಟ್ಟ ಸರ ಅದು. ನನ್ನ ಒಡವೇನ ನಾನೇ ಕದ್ದೆ ಕಣವ್ವ."

ಯಜಮಾನರು ಈರುಳ್ಳಿಯ ರಾಶಿಯ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಒಂದು ಈರುಳ್ಳಿ ಎತ್ತಿಕೊಂಡು ಅದರ ಸಿಪ್ಪೆ ಸುಮ್ಮನೆ ಸುಲಿಯುತ್ತಿದ್ದರು. ಮೊಮ್ಮಗಳು ಅಜ್ಜಿಯ ಪಕ್ಕ ಹೋಗಿ ಕೂತು, "ಅಪ್ಪಾಜಿ, ಅದರಲ್ಲೇ ಬಳೆ ಆಗ್ಲಿ. ಹತ್ತೊಂಬತ್ತನ್ನ ಹತ್ತೊಂಬತ್ತು ಅಂತ್ಲೇ ಹೇಳಾಣ" ಅಂದಳು.

"ಕಡೂರಿನೋರು?"

"ಅವರಿಗೆ ನಾನೇ ಹೇಳ್ತೀನಿ" ಎಂದರು ಅಜ್ಜಿ. ಅವರು ಹೇಳಿದರೋ ಇಲ್ಲವೋ, ಹೇಳಿದರೆ ಕಡೂರಿನವರು ಏನೆಂದರೋ ನನಗೆ ತಿಳಿಯದು. ಮದುವೆಯಂತೂ ನಡೆಯಿತು.

ಹದಿನೈದು ದಿನದ ಮೇಲೆ ಯಜಮಾನರು ಬಳೆ ಒಯ್ಯಲು ಬಂದರು. ನಮ್ಮ ಜಗಲಿಯಲ್ಲಿ ಅಮೃತಾಪುರದ ಕಡೆಯ ನಾಲ್ಕು ಜನ ಗಿರಾಕಿಗಳು ಕೂತಿದ್ದರು. ಯಜಮಾನರು ಅಪ್ಪನ ಕಾಲಿಗೆ ಕೈ ತಾಗಿಸಲು ಬಗ್ಗಿದಾಗ ಅಪ್ಪ, ಅವರು ಏನು ಮಾಡುತ್ತಿದ್ದಾರೆಂದು ಕಾಣದೆ, ಬಳೆಯ ಕೊಂಡಿ ತೋರಿಸುತ್ತಲೇ ಇದ್ದ.

"ಚೀಟಿ ಬರ್ದುಕೊಡಿ ಆಚಾರ್ರೆ, ಎಷ್ಟು ಕ್ಯಾರೆಟ್ ಅಂತ" ಎಂದರು ಯಜಮಾನರು.

ಅಪ್ಪ ಎಲ್ಲರಿಗೂ ಕೇಳುವಂತೆ, "ನಂಗೆ ಕಣ್ಣು ಕಾಣಲ್ಲ ಯಜಮಾನ್ರೆ. ಎರಡು ವರ್ಷದಿಂದ ಒರೆ ನೋಡೋಳು ನನ್ನ ಮಗಳು. ಚೀಟಿ ಅವಳೇ ಬರೀತಾಳೆ" ಎಂದ.

ಅಮೃತಾಪುರದ ಒಬ್ಬ ಹೆಂಗಸು ತನ್ನ ಗಂಟನ್ನು ಮಡಿಲಿಗೆ ಎಳೆದುಕೊಂಡಳು. ನಾನು ಬಾಗಿಲ ಮರೆಯಿಂದ ಹೊರಗೆ ಬಂದು ಅಪ್ಪನ ಪಕ್ಕ ಕೂತೆ. ಯಜಮಾನರು ತಮ್ಮ ಜೇಬಿನ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, "ಬರೀರಮ್ಮ" ಎಂದು ನನ್ನ ಕೈಗೆ ಕೊಟ್ಟರು. ನಾಲ್ಕು ಬಳೆ, ಹತ್ತೊಂಬತ್ತು ಕ್ಯಾರೆಟ್ ಎಂದು ಬರೆದೆ. ಕೆಳಗೆ ನನ್ನ ಹೆಸರು ಬರೆದೆ.